ಎರಡು ಕಂಡೆನ್ಸರ್, ಒಂದು ರಿಸೀವರ್: ಐಸ್ ಪ್ಲಾಂಟಿನ ಅಮೋನಿಯಾ ಪೈಪಿಂಗ್ ಸರಿಯಾಗಿ ಮಾಡುವ ಬಗೆ

ಹಳೆ ಕಂಡೆನ್ಸರ್ (ಬಿಸಿ ಅಮೋನಿಯಾ ಗ್ಯಾಸನ್ನು ತಣಿಸಿ ಲಿಕ್ವಿಡ್ ಮಾಡುವ ಭಾಗ) ಸಾಲುತ್ತಿಲ್ಲ ಅಂತ ಇನ್ನೊಂದು ತಂದು ಪಕ್ಕದಲ್ಲಿ ಕೂರಿಸುತ್ತಾರೆ. ಲಕ್ಷಗಟ್ಟಲೆ ಖರ್ಚಾಗಿರುತ್ತದೆ. ಚಾಲೂ ಮಾಡಿ ನೋಡಿದರೆ ಹೆಡ್ ಪ್ರೆಶರ್ (ಕಂಪ್ರೆಸರ್ ದಾಟಿದ ಕಡೆಯ ಒತ್ತಡ) ಇಳಿಯುವುದು ಹಾಗಿರಲಿ, ಕೆಲವು ಸಲ ಮೊದಲಿಗಿಂತ ಮೇಲೆಯೇ ನಿಲ್ಲುತ್ತದೆ. ಲಿಕ್ವಿಡ್ ಇಳಿದು ಸೇರುವ ಟ್ಯಾಂಕ್ ರಿಸೀವರ್, ಅದರ ಲೆವೆಲ್ ಗ್ಲಾಸಿನಲ್ಲಿ ಲಿಕ್ವಿಡ್ ಕಾಣುವುದಿಲ್ಲ. ‘ಗ್ಯಾಸ್ ಕಮ್ಮಿ ಉಂಟು’ ಅಂತ ಆಪರೇಟರ್ ಇನ್ನೊಂದು ಸಿಲಿಂಡರ್ ಅಮೋನಿಯಾ ಹಾಕಿಸುತ್ತಾನೆ. ಪ್ರೆಶರ್ ಮತ್ತೂ ಏರುತ್ತದೆ. ಕೊನೆಗೆ ಬೈಗುಳ ತಿನ್ನುವುದು ಕಂಡೆನ್ಸರ್ ಮಾರಿದವನು. ತಪ್ಪು ಬಹಳ ಸಲ ಅವನದ್ದಲ್ಲ, ಕಂಡೆನ್ಸರಿನಿಂದ ರಿಸೀವರಿಗೆ ಇಳಿಯುವ ಎರಡು ಮೀಟರ್ ಪೈಪಿನದ್ದು.

ಮಂಜೇಶ್ವರದಿಂದ ಉಪ್ಪಳ, ಕುಂಬಳೆ, ಕಾಸರಗೋಡು ದಾಟಿ ನೀಲೇಶ್ವರದವರೆಗೆ ಕಡಲ ಬದಿಯಲ್ಲಿ ಐಸ್ ಪ್ಲಾಂಟ್, ಮೀನಿನ ಕೋಲ್ಡ್ ಸ್ಟೋರೇಜ್ ನಡೆಸುವವರನ್ನು, ಅಲ್ಲಿ ಕೆಲಸ ಮಾಡುವ ಫಿಟ್ಟರ್, ಆಪರೇಟರುಗಳನ್ನು ಮನಸ್ಸಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಇಂಥ ಕೆಲಸಕ್ಕೆ ನಮ್ಮಲ್ಲಿ ಒಂದೇ ಸೀಸನ್. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ, ಒಟ್ಟು 52 ದಿನ. ಆಚೆ ಮಂಗಳೂರಿನಲ್ಲಿ ಜೂನ್ 1ಕ್ಕೇ ಬೋಟ್ ನಿಲ್ಲುತ್ತದೆ. ಐಸಿಗೆ ಬೇಡಿಕೆ ಇಳಿಯುವ ಈ ದಿನಗಳಲ್ಲಿ ಪೈಪ್ ಕತ್ತರಿಸದಿದ್ದರೆ ಮತ್ತೆ ಬರುವ ವರ್ಷವೇ. ಹಾಗಾಗಿ ಮೇ ತಿಂಗಳಲ್ಲೇ ಕಾಗದದ ಮೇಲಿನ ಲೆಕ್ಕ ಮುಗಿದಿರಬೇಕು.

ಮೊದಲೇ ಒಂದು ಮಾತು. ಇದನ್ನು ಓದಿ ಯಾರೂ ಒಬ್ಬರೇ ಸ್ಪ್ಯಾನರ್ ಹಿಡಿದು ಹೊರಡಬೇಡಿ. ಅಮೋನಿಯಾ ಲೈನ್ ಕತ್ತರಿಸುವುದು, ವೆಲ್ಡ್ ಮಾಡುವುದು ಅನುಭವ ಇರುವ ತಂಡದ ಕೆಲಸ. ರಿಸೀವರ್, ಕಂಡೆನ್ಸರ್ ಎರಡೂ ಪ್ರೆಶರ್ ವೆಸೆಲ್. ಅವುಗಳಲ್ಲಿ ಬದಲಾವಣೆ ಮಾಡುವ ಮೊದಲು ಕೇರಳದ ಫ್ಯಾಕ್ಟರೀಸ್ ಅಂಡ್ ಬಾಯ್ಲರ್ಸ್ ಇಲಾಖೆಯ ಕಡೆ ವಿಚಾರಿಸಿ. ಇಲ್ಲಿ ಬರೆದದ್ದು ಆ ತಂಡ ಏನು ಮಾಡುತ್ತಿದೆ, ಯಾಕೆ ಮಾಡುತ್ತಿದೆ ಅಂತ ನಿಮಗೆ ಗೊತ್ತಾಗಲಿ ಅಂತ.

ಮೊದಲು ಇದು ಅರ್ಥವಾಗಲಿ: ಲಿಕ್ವಿಡ್ ಇಳಿಯುವುದು ಎತ್ತರದಿಂದ ಮಾತ್ರ

ಕಂಡೆನ್ಸರಿನಿಂದ ರಿಸೀವರಿಗೆ ಲಿಕ್ವಿಡನ್ನು ತಳ್ಳುವ ಪಂಪ್ ಏನೂ ಇಲ್ಲ. ಹೆಡ್ ಪ್ರೆಶರ್ 180 ಪಿಎಸ್ಐ ಇದೆಯಲ್ವಾ, ಅದೇ ತಳ್ಳುತ್ತದೆ ಅಂತ ಬಹಳ ಮಂದಿ ತಿಳಿದಿದ್ದಾರೆ. ಆದರೆ ಆ 180 ರಿಸೀವರಿನಲ್ಲೂ ಇದೆ. ಎರಡೂ ಕಡೆ ಒಂದೇ ಪ್ರೆಶರ್ ಇರುವಾಗ ಲಿಕ್ವಿಡ್ ತನ್ನ ತೂಕದಿಂದಲೇ ಇಳಿಯಬೇಕು.

ಆ ತೂಕ ಎಷ್ಟು? 35 ಡಿಗ್ರಿಯಲ್ಲಿ ಅಮೋನಿಯಾ ಲಿಕ್ವಿಡ್ ಒಂದು ಲೀಟರಿಗೆ ಸುಮಾರು 587 ಗ್ರಾಂ ತೂಗುತ್ತದೆ. ನೀರಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಒಂದು ಮೀಟರ್ ಎತ್ತರ ನಿಂತರೆ ಸಿಗುವ ಒತ್ತಡ 0.058 ಬಾರ್. ಪಿಎಸ್ಐ ಲೆಕ್ಕದಲ್ಲಿ ಹೇಳುವುದಾದರೆ 1 ಪಿಎಸ್ಐಗೆ ಸುಮಾರು 1.2 ಮೀಟರ್, ಅಂದರೆ ಹತ್ತಿರ ಹತ್ತಿರ 4 ಅಡಿ ಬೇಕು. ಗೋಡೆಯ ಮೇಲಿನ ದೊಡ್ಡ ಗೇಜಿನಲ್ಲಿ 1 ಪಿಎಸ್ಐ ಕಣ್ಣಿಗೇ ಬೀಳುವುದಿಲ್ಲ. ಆದರೆ ಪೈಪಿನಲ್ಲಿ ಅದು ಒಂದಾಳಿನ ಎದೆಮಟ್ಟದ ಲಿಕ್ವಿಡನ್ನು ಹಿಡಿದು ನಿಲ್ಲಿಸುತ್ತದೆ.

ಈಗ ಎರಡು ಎವಾಪರೇಟಿವ್ ಕಂಡೆನ್ಸರ್ (ಕಾಯಿಲ್, ಅಂದರೆ ಸುತ್ತಿದ ಪೈಪಿನ ಸಾಲುಗಳ ಮೇಲೆ ನೀರು ಸ್ಪ್ರೇ ಮಾಡಿ ಫ್ಯಾನಿನ ಗಾಳಿ ಹಾಯಿಸುವ ಬಗೆ) ಇವೆ ಅಂತ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಡಿಸ್ಚಾರ್ಜ್ ಹೆಡರಿನಿಂದ, ಅಂದರೆ ಕಂಪ್ರೆಸರಿನಿಂದ ಬರುವ ಮುಖ್ಯ ಪೈಪಿನಿಂದ ಗ್ಯಾಸ್. ಒಂದು ಓಡುತ್ತಿದೆ, ಇನ್ನೊಂದರ ಫ್ಯಾನ್, ಪಂಪ್ ಬಂದ್. ಓಡುವ ಕಂಡೆನ್ಸರಿನ ಕಾಯಿಲ್ ಒಳಗೆ ಗ್ಯಾಸ್ ಹರಿಯುವಾಗ ಸ್ವಲ್ಪ ಪ್ರೆಶರ್ ಕಳೆದುಹೋಗುತ್ತದೆ, ಇದೇ ಡ್ರಾಪ್. 0.07 ಬಾರ್ ಅಂತ ಇರಲಿ. ಬಂದ್ ಇರುವುದರಲ್ಲಿ ಹರಿವೇ ಇಲ್ಲ, ಹಾಗಾಗಿ ಕಳೆಯುವುದೂ ಇಲ್ಲ. ಅದರ ಔಟ್‌ಲೆಟ್‌ನಲ್ಲಿ ಪೂರ್ತಿ ಡಿಸ್ಚಾರ್ಜ್ ಪ್ರೆಶರ್ ಬಂದು ಕೂತಿರುತ್ತದೆ. ಎರಡರ ಡ್ರೈನ್ ಪೈಪುಗಳನ್ನೂ ಔಟ್‌ಲೆಟ್ ಹತ್ತಿರವೇ ಒಂದು ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ ಸೇರಿಸಿದ್ದರೆ, ಬಂದ್ ಇರುವ ಕಂಡೆನ್ಸರಿನ ಮೂಲಕ ಬಂದ ಗ್ಯಾಸ್ ಓಡುವ ಕಂಡೆನ್ಸರಿನ ಬಾಯಿಗೆ ಅಡ್ಡ ನಿಲ್ಲುತ್ತದೆ. ಲಿಕ್ವಿಡ್ ಇಳಿಯಬೇಕಾದರೆ ಮೊದಲು 1.2 ಮೀಟರ್ ಎತ್ತರಕ್ಕೆ ಕಟ್ಟಿಕೊಳ್ಳಬೇಕು. ಪೈಪಿನಲ್ಲಿ ಅಷ್ಟು ಎತ್ತರ ಇಲ್ಲ. ಹಾಗಾದರೆ ಎಲ್ಲಿ ಕಟ್ಟಿಕೊಳ್ಳುತ್ತದೆ? ಕಾಯಿಲ್ ಒಳಗೆ.

ಕಾಯಿಲಿನ ಕೆಳಗಿನ ಸಾಲುಗಳಲ್ಲಿ ಲಿಕ್ವಿಡ್ ತುಂಬಿದರೆ ಅಷ್ಟು ಭಾಗ ಕಂಡೆನ್ಸ್ ಮಾಡುವುದಿಲ್ಲ. ಹೆಡ್ ಪ್ರೆಶರ್ ಏರುತ್ತದೆ. ಅಮೋನಿಯಾ ಎಲ್ಲ ಮೇಲೆಯೇ ಕೂತದ್ದರಿಂದ ರಿಸೀವರ್ ಖಾಲಿ ಕಾಣುತ್ತದೆ. ಇನ್ನಷ್ಟು ಅಮೋನಿಯಾ ಹಾಕಿದರೆ ಇನ್ನೆರಡು ಸಾಲು ಮುಳುಗುತ್ತವೆ.

ಎರಡೂ ಓಡುತ್ತಿದ್ದರೆ ತೊಂದರೆ ಇಲ್ಲವೇ ಅಂತ ಕೇಳಬಹುದು. ಇದೆ. ಒಂದರ ಕಾಯಿಲ್ ಮೇಲೆ ಸುಣ್ಣ ಕಟ್ಟಿದೆ, ಇನ್ನೊಂದು ಹೊಸತು. ಅಥವಾ ಒಂದು ಹಳೆ ಶೆಲ್ ಅಂಡ್ ಟ್ಯೂಬ್ (ದೊಡ್ಡ ಶೆಲ್ ಒಳಗೆ ನೀರಿನ ಟ್ಯೂಬುಗಳಿರುವ ಬಗೆ), ಇನ್ನೊಂದು ಎವಾಪರೇಟಿವ್. ಶೆಲ್ ಒಳಗೆ ಗ್ಯಾಸಿಗೆ ಅಡ್ಡಿಯೇ ಇಲ್ಲ, ಡ್ರಾಪ್ ಸೊನ್ನೆಯ ಹತ್ತಿರ. ಕಾಯಿಲಿನಲ್ಲಿ ಡ್ರಾಪ್ ಇದೆ. ಹೀಗಾಗಿ ಶೆಲ್ ಯಾವಾಗಲೂ ಗೆಲ್ಲುತ್ತದೆ, ದುಡ್ಡು ಕೊಟ್ಟು ತಂದ ಹೊಸ ಕಂಡೆನ್ಸರ್ ಅರ್ಧ ಮುಳುಗಿಕೊಂಡೇ ಇರುತ್ತದೆ. ನಮ್ಮ ಕಡೆ ಇದೇ ಜೋಡಿ ಜಾಸ್ತಿ. ಹಳೆ ಪ್ಲಾಂಟುಗಳ ಅಟ್ಮಾಸ್ಫೆರಿಕ್ ಕಂಡೆನ್ಸರಿಗೂ, ಅದೇ, ಪೈಪಿನ ಸಾಲುಗಳ ಮೇಲೆ ನೀರು ಸುರಿಯುವ ಬಗೆಯದ್ದು, ಇದೇ ಮಾತು ಅನ್ವಯಿಸುತ್ತದೆ. ಒಂದು ಸ್ಟ್ಯಾಂಡಿಗೆ ನೀರು ನಿಂತರೆ ಸಾಕು, ಪಕ್ಕದ ಸ್ಟ್ಯಾಂಡಿನ ಡ್ರೈನ್ ಕೆಡುತ್ತದೆ.

ಹಂತ 1: ಹರಿವು ಎಷ್ಟು, ಪೈಪ್ ಎಷ್ಟು

ದಿನಕ್ಕೆ 25 ಟನ್ ಬ್ಲಾಕ್ ಐಸ್ ಮಾಡುವ ಪ್ಲಾಂಟ್ ತೆಗೆದುಕೊಳ್ಳೋಣ. 30 ಡಿಗ್ರಿಯ ನೀರನ್ನು ಐಸ್ ಮಾಡಿ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ ಇಳಿಸಲು ಕಿಲೋಗೆ ಸುಮಾರು 473 ಕಿಲೋಜೂಲ್ ತೆಗೆಯಬೇಕು. 24 ಗಂಟೆಗೆ ಹಂಚಿದರೆ 137 ಕಿಲೋವ್ಯಾಟ್. ಬ್ರೈನ್ (ಉಪ್ಪುನೀರು) ಟ್ಯಾಂಕಿನ ನಷ್ಟ, ಅದನ್ನು ಕಲಕುವ ಅಜಿಟೇಟರ್, ಐಸ್ ಕ್ಯಾನ್ ಎತ್ತುವಾಗ ಹೋಗುವುದು ಎಲ್ಲ ಸೇರಿಸಿ 165–170 ಅಂತ ಹಿಡಿಯಿರಿ. ಇದಕ್ಕೆ ಕಂಪ್ರೆಸರಿನ ಪವರ್ ಸೇರಿದರೆ ಕಂಡೆನ್ಸರ್ ಹೊರಗೆ ಹಾಕಬೇಕಾದ ಶಾಖ 210 ಕಿಲೋವ್ಯಾಟಿನ ಆಸುಪಾಸು.

ಒಂದು ಕಿಲೋ ಅಮೋನಿಯಾ ಬಿಸಿ ಡಿಸ್ಚಾರ್ಜ್ ಗ್ಯಾಸಿನಿಂದ 35 ಡಿಗ್ರಿಯ ಲಿಕ್ವಿಡ್ ಆಗುವಾಗ ಬಿಡುವುದು ಸುಮಾರು 1,320 ಕಿಲೋಜೂಲ್. ಅಂದರೆ ಸೆಕೆಂಡಿಗೆ 160 ಗ್ರಾಂ, ನಿಮಿಷಕ್ಕೆ 16 ಲೀಟರ್ ಲಿಕ್ವಿಡ್. ಇಷ್ಟೇನಾ ಅಂತ ಅನಿಸುತ್ತದೆ. ಮನೆ ನಲ್ಲಿಯಿಂದ ಬರುವಷ್ಟೇ. ಅದಕ್ಕೇ ಕೆಲವರು 25 ಮಿಮೀ ಪೈಪ್ ಸಾಕು ಅಂತ ಹಾಕಿಬಿಡುತ್ತಾರೆ.

ಸಾಲುವುದಿಲ್ಲ. ಡ್ರೈನ್ ಪೈಪಿನಲ್ಲಿ ಲಿಕ್ವಿಡ್ ಸೆಕೆಂಡಿಗೆ ಅರ್ಧ ಮೀಟರ್ ಮೀರದ ಹಾಗೆ ಹರಿಯಬೇಕು. ಈ ಹರಿವಿಗೆ ಲೆಕ್ಕ ಹಾಕಿದರೆ ಪೂರ್ತಿ ತುಂಬಿ ಹರಿಯಲು ಒಳ ವ್ಯಾಸ ಸುಮಾರು 26 ಮಿಮೀ ಬರುತ್ತದೆ. ಆದರೆ ಟ್ರ್ಯಾಪಿಗಿಂತ (ಪೈಪಿನ ಬುಡದ ಯು ಆಕಾರದ ಬಾಗು, ಹಂತ 3ರಲ್ಲಿ ಬರುತ್ತದೆ) ಆಚೆ, ರಿಸೀವರಿಗೆ ಹೋಗುವ ಅಡ್ಡ ಪೈಪ್ ತುಂಬಿ ಹರಿಯಬಾರದು. ಕೆಳಗೆ ಲಿಕ್ವಿಡ್ ಹೋಗಬೇಕು, ಅದರ ಮೇಲೆ ಗ್ಯಾಸ್ ಓಡಾಡಲು ಜಾಗ ಇರಬೇಕು. ಹಾಗಾಗಿ 50 ಮಿಮೀ ಹಾಕಿ. ಶೆಡ್ಯೂಲ್ 40ರಲ್ಲಿ ಅದರ ಒಳ ವ್ಯಾಸ 52.5. ನಮ್ಮ ಲಿಕ್ವಿಡ್ ಅದರ ಕಾಲು ಭಾಗ ಹಿಡಿಯುತ್ತದೆ, ಉಳಿದದ್ದು ಗ್ಯಾಸಿಗೆ. 25ಕ್ಕೂ 50ಕ್ಕೂ ಪೈಪಿನ ದರದಲ್ಲಿ ಎಷ್ಟು ವ್ಯತ್ಯಾಸ ಬಂದೀತು? ಒಂದು ತಿಂಗಳ ಕರೆಂಟ್ ಬಿಲ್ಲಿನ ಮುಂದೆ ಅದು ಏನೂ ಅಲ್ಲ.

ಡಿಸ್ಚಾರ್ಜ್ ಗ್ಯಾಸಿಗೆ ಇದೇ ಪ್ಲಾಂಟಿನಲ್ಲಿ 50 ಮಿಮೀ ಹಾಕಿದರೆ ವೇಗ ಸೆಕೆಂಡಿಗೆ 10 ಮೀಟರ್ ಬರುತ್ತದೆ, ಚೆನ್ನಾಗಿದೆ. ಮುಂದೆ ಪ್ಲಾಂಟ್ ದೊಡ್ಡದು ಮಾಡುವ ಯೋಚನೆ ಇದ್ದರೆ ಹೆಡರ್ ಮಾತ್ರ 65 ಮಾಡಿಟ್ಟುಕೊಳ್ಳಿ.

ಪೈಪ್ ಸೀಮ್‌ಲೆಸ್ ಕಾರ್ಬನ್ ಸ್ಟೀಲ್, ಎಎಸ್‌ಟಿಎಂ ಎ106 ಗ್ರೇಡ್ ಬಿ. 50 ಮತ್ತು ಅದಕ್ಕಿಂತ ದೊಡ್ಡದಕ್ಕೆ ಶೆಡ್ಯೂಲ್ 40, 40 ಮಿಮೀ ಮತ್ತು ಕೆಳಗಿನದಕ್ಕೆ ಶೆಡ್ಯೂಲ್ 80. ತಾಮ್ರ, ಹಿತ್ತಾಳೆ ಎಲ್ಲೂ ಬೇಡ. ಅಮೋನಿಯಾ ಅವನ್ನು ತಿನ್ನುತ್ತದೆ. ಗೇಜಿನ ಒಳಗಿನ ಟ್ಯೂಬ್ ಕೂಡ ಸ್ಟೀಲಿನದ್ದೇ ಆಗಬೇಕು, ಅಂಗಡಿಯಲ್ಲಿ ಕೇಳಿಯೇ ತನ್ನಿ.

ಹಂತ 2: ಕಂಡೆನ್ಸರನ್ನು ಎಷ್ಟು ಎತ್ತರಕ್ಕೆ ಏರಿಸಬೇಕು

ಇದು ಎಲ್ಲಕ್ಕಿಂತ ಮುಖ್ಯ. ಕಾಂಕ್ರೀಟ್ ಕಂಬ ಹಾಕಿಸುವ ಮೊದಲೇ ತೀರ್ಮಾನ ಆಗಬೇಕು.

ಕಾಯಿಲ್ ಔಟ್‌ಲೆಟ್‌ನಿಂದ ಕೆಳಗಿನ ಅಡ್ಡ ಲಿಕ್ವಿಡ್ ಹೆಡರಿನವರೆಗೆ ಅಮೋನಿಯಾಕ್ಕೆ ಕನಿಷ್ಠ 1.5 ಮೀಟರ್ ನೇರ ಇಳಿತ ಬೇಕು. ಕಂಡೆನ್ಸರ್ ತಯಾರಕರೂ ಸಾಮಾನ್ಯವಾಗಿ 5 ಅಡಿ ಅಂತ ಬರೆದಿರುತ್ತಾರೆ. 1.5 ಮೀಟರಿಗೆ ಸಿಗುವುದು 0.086 ಬಾರ್. ನಿಮ್ಮ ಕಾಯಿಲಿನ ಡ್ರಾಪ್ ಜೊತೆಗೆ ಇನ್‌ಲೆಟ್ ವಾಲ್ವಿನ ಡ್ರಾಪ್ ಅದಕ್ಕಿಂತ ಕಮ್ಮಿ ಇರಬೇಕು. ತಯಾರಕರಿಂದ ಡ್ರಾಪ್ ಎಷ್ಟು ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಬಾಯಲ್ಲಿ ‘ಅದೆಲ್ಲ ಕಮ್ಮಿ ಇರ್ತದೆ’ ಅಂದದ್ದು ಲೆಕ್ಕಕ್ಕೆ ಬರುವುದಿಲ್ಲ. 0.1 ಬಾರ್ ಅಂದರೆ 1.75 ಮೀಟರ್ ಬೇಕು.

ಇನ್ನೊಂದು ಸೂಕ್ಷ್ಮ ಇದೆ. ಹರಿವು ಏರಿದರೆ ಡ್ರಾಪ್ ಅದರ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹರಿವು 20 ಶೇಕಡಾ ಜಾಸ್ತಿಯಾದರೆ ಡ್ರಾಪ್ 44 ಶೇಕಡಾ ಜಾಸ್ತಿ. ಒಂದು ಕಂಡೆನ್ಸರ್ ಬಂದ್ ಮಾಡಿದಾಗ ಉಳಿದದ್ದರ ಪಾಲಿಗೆ ಬರುವುದು ಇದೇ ಪರಿಸ್ಥಿತಿ. ಆದ್ದರಿಂದ ಜಾಗ ಇದ್ದರೆ 2 ಮೀಟರ್ ಕೊಡಿ. ಆಮೇಲೆ ಏರಿಸಬೇಕಾದರೆ ಕ್ರೇನ್ ತರಿಸಬೇಕು, ಕಂಬ ಎತ್ತರಿಸಬೇಕು, ಪೈಪ್ ಎಲ್ಲ ಮತ್ತೆ ಕತ್ತರಿಸಬೇಕು.

ಹಳೆ ಶೆಲ್ ಕಂಡೆನ್ಸರ್ ರಿಸೀವರಿನ ಮೇಲೆಯೇ ಕೂತಿದ್ದರೆ ಅದನ್ನು ಏರಿಸಬೇಕೆಂದಿಲ್ಲ, ಅದಕ್ಕೆ ಡ್ರಾಪ್ ಇಲ್ಲವಲ್ಲ. ಹೊಸ ಎವಾಪರೇಟಿವ್ ಅನ್ನು ಮೇಲೆ ಕೂರಿಸಿ.

ಹಂತ 3: ಪ್ರತಿ ಔಟ್‌ಲೆಟ್‌ಗೆ ಅದರದ್ದೇ ಲೆಗ್, ಅದರದ್ದೇ ಟ್ರ್ಯಾಪ್

ಪ್ರತಿಯೊಂದು ಕಂಡೆನ್ಸರಿನಿಂದ ಒಂದು ನೇರ ಪೈಪ್ ಕೆಳಗೆ ಇಳಿಯಬೇಕು, ಅದೇ ಲೆಗ್. ಬುಡದಲ್ಲಿ ಯು ಆಕಾರದ ಟ್ರ್ಯಾಪ್. ಟ್ರ್ಯಾಪ್ ದಾಟಿದ ಮೇಲೆಯೇ ಸಾಮಾನ್ಯ ಹೆಡರಿಗೆ ಸೇರಬೇಕು. ಟ್ರ್ಯಾಪಿಗಿಂತ ಮೊದಲು ಎಲ್ಲೂ ಇನ್ನೊಂದರ ಜೊತೆ ಸಂಬಂಧ ಇರಬಾರದು. ಈ ಒಂದು ವಾಕ್ಯ ನಿಮ್ಮ ಫಿಟ್ಟರಿಗೆ ತಲೆಗೆ ಹೋದರೆ ಮುಕ್ಕಾಲು ಕೆಲಸ ಆದ ಹಾಗೆ.

ಟ್ರ್ಯಾಪ್ ಇದ್ದರೆ ಏನಾಗುತ್ತದೆ? ಬಂದ್ ಇರುವ ಕಂಡೆನ್ಸರಿನ ಗ್ಯಾಸ್ ತನ್ನ ಟ್ರ್ಯಾಪಿನ ಲಿಕ್ವಿಡ್ ದಾಟಿ ಬರಲಾರದು. ಓಡುವ ಕಂಡೆನ್ಸರ್ ತನ್ನ ಲೆಗ್ಗಿನಲ್ಲಿ ಬೇಕಾದಷ್ಟು ಎತ್ತರ ಲಿಕ್ವಿಡ್ ಕಟ್ಟಿಕೊಳ್ಳುತ್ತದೆ, ಕಾಯಿಲ್ ಖಾಲಿ ಇರುತ್ತದೆ. ಲೆವೆಲ್ ವ್ಯತ್ಯಾಸ ಆಗಬೇಕಾದದ್ದು ಲೆಗ್ಗಿನಲ್ಲಿ, ಕಾಯಿಲಿನಲ್ಲಿ ಅಲ್ಲ.

ಒಂದೇ ಕಂಡೆನ್ಸರಿಗೆ ಎರಡು ಕಾಯಿಲ್, ಎರಡು ಔಟ್‌ಲೆಟ್ ಬಂದಿದ್ದರೆ ಎರಡಕ್ಕೂ ಬೇರೆ ಬೇರೆ ಲೆಗ್, ಬೇರೆ ಬೇರೆ ಟ್ರ್ಯಾಪ್. ‘ಒಂದೇ ಡಬ್ಬ ಅಲ್ವಾ’ ಅಂತ ಮೇಲೆಯೇ ಸೇರಿಸಿಬಿಡುವುದು ಬಹಳ ಕಡೆ ಕಾಣುತ್ತದೆ.

ಮಾಡುವಾಗ ನೋಡಬೇಕಾದದ್ದು: ಔಟ್‌ಲೆಟ್‌ನಿಂದ ಹೊರಟ ಕೂಡಲೇ ಎಲ್ಬೋ ಹಾಕಿ ಇಳಿಸಿ, ಅಡ್ಡಕ್ಕೆ ಎಳೆದುಕೊಂಡು ಹೋಗಬೇಡಿ. ಔಟ್‌ಲೆಟ್ ಎಷ್ಟು ದೊಡ್ಡದಿದೆಯೋ ಲೆಗ್ ಅಷ್ಟೇ ಇರಲಿ, ಮೇಲೆ ರೆಡ್ಯೂಸರ್ ಬೇಡ. ಟ್ರ್ಯಾಪಿನ ಆಳ 300 ಮಿಮೀ ಇದ್ದರೆ ಸಾಕು. ಟ್ರ್ಯಾಪಿನ ತಳದಲ್ಲಿ ಒಂದು ಸಣ್ಣ ಡ್ರೈನ್ ವಾಲ್ವ್ ಹಾಕಿ, ಬಾಯಿಗೆ ಪ್ಲಗ್ ಹಾಕಿ. ಆಯಿಲ್ ಅಮೋನಿಯಾಕ್ಕಿಂತ ಭಾರ, ಅದು ಬಂದು ಸೇರುವುದು ಅಲ್ಲೇ.

ಲೆಗ್ಗಿನ ಸ್ಟಾಪ್ ವಾಲ್ವ್ ಔಟ್‌ಲೆಟ್‌ಗೆ ಅಂಟಿಕೊಂಡ ಹಾಗೆ ಇಡಬೇಡಿ. ಕನಿಷ್ಠ 300 ಮಿಮೀ ಕೆಳಗಿರಲಿ, ಅದರ ಮೇಲೆ ಸ್ವಲ್ಪ ಲಿಕ್ವಿಡ್ ನಿಂತರೆ ವಾಲ್ವಿನ ಡ್ರಾಪನ್ನು ಅದೇ ದಾಟಿಸುತ್ತದೆ. ಅಡ್ಡ ಪೈಪಿನಲ್ಲಿ ಗ್ಲೋಬ್ ವಾಲ್ವ್ ಬಂದರೆ ಹ್ಯಾಂಡಲ್ ಪಕ್ಕಕ್ಕೆ ತಿರುಗಿಸಿ ಕೂರಿಸಿ. ನೇರ ನಿಲ್ಲಿಸಿದರೆ ಒಳಗಿನ ಸೀಟಿನ ಗೋಡೆ ಒಂದು ಕಟ್ಟೆ ಆಗಿಬಿಡುತ್ತದೆ.

ಸಾಮಾನ್ಯ ಹೆಡರ್ ರಿಸೀವರ್ ಕಡೆಗೆ 50ಕ್ಕೆ 1 ಇಳಿಜಾರು ಇರಬೇಕು, ಮೀಟರಿಗೆ 20 ಮಿಮೀ. ಲೆವೆಲ್ ಟ್ಯೂಬ್ ಹಿಡಿದು ನೋಡಿ. ವೆಲ್ಡಿಂಗ್ ಆದ ಮೇಲೆ ಇನ್ನೊಮ್ಮೆ ನೋಡಿ, ವೆಲ್ಡಿಂಗ್ ಶಾಖಕ್ಕೆ ಪೈಪ್ ಎಳೆದುಕೊಳ್ಳುತ್ತದೆ.

ಒಂದೇ ಕಂಡೆನ್ಸರ್ ಇರುವ ಪ್ಲಾಂಟಿಗೆ ಇಷ್ಟೆಲ್ಲ ಬೇಕಾಗಿಲ್ಲ. ದೊಡ್ಡ ಡ್ರೈನ್ ಪೈಪ್, ಒಳ್ಳೆ ಇಳಿಜಾರು, ಎಲ್ಲೂ ಗುಂಡಿ ಬೀಳದ ಹಾಗೆ ಇದ್ದರೆ ಗ್ಯಾಸ್ ಅದೇ ಪೈಪಿನಲ್ಲಿ ಹಿಂದೆ ಹೋಗಿ ಕೆಲಸ ನಡೆಯುತ್ತದೆ. ಆದರೆ ಇನ್ನೆರಡು ವರ್ಷದಲ್ಲಿ ಎರಡನೆಯದು ಬರುವುದಿದ್ದರೆ ಈಗಲೇ ಲೆಗ್, ಟ್ರ್ಯಾಪ್ ಮಾಡಿಡಿ.

ಹಂತ 4: ಇಕ್ವಲೈಸರ್ ಎಲ್ಲಿಂದ ಎಲ್ಲಿಗೆ

ರಿಸೀವರಿನ ಮೇಲ್ಭಾಗದಿಂದ ಡಿಸ್ಚಾರ್ಜ್ ಹೆಡರಿಗೆ, ಕಂಡೆನ್ಸರಿನ ಇನ್‌ಲೆಟ್ ಹತ್ತಿರ ಹೋಗುವ ಪೈಪ್ ಇದು, ಎರಡೂ ಕಡೆಯ ಪ್ರೆಶರ್ ಸಮ ಮಾಡಲು. ಇನ್‌ಲೆಟ್ ಕಡೆಗೆ, ಔಟ್‌ಲೆಟ್ ಕಡೆಗಲ್ಲ. ಔಟ್‌ಲೆಟ್‌ಗೆ ಸೇರಿಸಿದರೆ ರಿಸೀವರಿನ ಗ್ಯಾಸ್ ಟ್ರ್ಯಾಪನ್ನು ಬದಿಗೆ ಬಿಟ್ಟು ನೇರ ಕಾಯಿಲಿನ ಬಾಯಿಗೆ ಬರುತ್ತದೆ. ನೀವು ಕಷ್ಟಪಟ್ಟು ಮಾಡಿದ ಟ್ರ್ಯಾಪ್ ಸುಮ್ನೆ ಅಲಂಕಾರಕ್ಕೆ.

ಇದರ ಅಗತ್ಯ ಯಾಕೆ ಅಂತ ಒಂದು ಅಂಕಿಯಿಂದ ಗೊತ್ತಾಗುತ್ತದೆ. 35 ಡಿಗ್ರಿಯ ಆಸುಪಾಸಿನಲ್ಲಿ ಅಮೋನಿಯಾದ ತಾಪಮಾನ ಒಂದು ಡಿಗ್ರಿ ಏರಿದರೆ ಪ್ರೆಶರ್ 0.39 ಬಾರ್ ಏರುತ್ತದೆ. ಅಂದರೆ ರಿಸೀವರ್ 0.2 ಡಿಗ್ರಿ ಬಿಸಿಯಾದರೆ ಸಾಕು, 1.35 ಮೀಟರ್ ಲಿಕ್ವಿಡ್ಡಿನ ತೂಕಕ್ಕೆ ಸಮ. ನಮ್ಮ ಮೇ ತಿಂಗಳ ಬಿಸಿಲಲ್ಲಿ ತಗಡಿನ ಮಾಡಿನ ಕೆಳಗೆ, ಅಥವಾ ಪಶ್ಚಿಮದ ಬಿಸಿಲು ನೇರ ಹೊಡೆಯುವ ಕಡೆ ರಿಸೀವರ್ ಇಟ್ಟರೆ 0.2 ಡಿಗ್ರಿ ಯಾವ ಲೆಕ್ಕ? ಮಧ್ಯಾಹ್ನ ಮೂರರ ಹೊತ್ತಿಗೆ ಮಾತ್ರ ಹೆಡ್ ಪ್ರೆಶರ್ ಏರಿ, ಸಂಜೆ ತಾನೇ ಇಳಿಯುವ ಪ್ಲಾಂಟುಗಳಲ್ಲಿ ಕಂಡೆನ್ಸರಿಗಿಂತ ಮೊದಲು ರಿಸೀವರಿನ ನೆರಳನ್ನು ನೋಡಿ.

ಈ ಅಳತೆಯ ಪ್ಲಾಂಟಿಗೆ 25 ಮಿಮೀ ಇಕ್ವಲೈಸರ್ ಸಾಕು. ಜೋತುಬೀಳದ ಹಾಗೆ ಸಪೋರ್ಟ್ ಕೊಡಿ, ಮಧ್ಯದಲ್ಲಿ ಲಿಕ್ವಿಡ್ ನಿಂತರೆ ಅದು ಇದ್ದೂ ಇಲ್ಲದ ಹಾಗೆ. ವಾಲ್ವ್ ಹಾಕಿದ್ದರೆ ಓಡುವಾಗ ತೆರೆದೇ ಇರಬೇಕು. ಅದಕ್ಕೊಂದು ಬೋರ್ಡ್ ಕಟ್ಟಿ, ಕನ್ನಡದಲ್ಲೂ ಮಲಯಾಳದಲ್ಲೂ ಬರೆಸಿ, ಹೊರಗಿನಿಂದ ಬಂದ ಹುಡುಗರಿದ್ದರೆ ಹಿಂದಿಯಲ್ಲೂ.

ಹಂತ 5: ಡಿಸ್ಚಾರ್ಜ್ ಲೈನ್

ಕಂಪ್ರೆಸರಿನಿಂದ ಕಂಡೆನ್ಸರ್ ಕಡೆಗೆ ಇಳಿಜಾರು. ಪ್ರತಿ ಕಂಪ್ರೆಸರಿನ ಪೈಪ್ ಮುಖ್ಯ ಹೆಡರಿಗೆ ಮೇಲಿನಿಂದ ಸೇರಬೇಕು, ಇಲ್ಲದಿದ್ದರೆ ನಿಂತ ಕಂಪ್ರೆಸರಿನ ತಲೆಗೆ ಲಿಕ್ವಿಡ್, ಆಯಿಲ್ ಇಳಿದು ಮತ್ತೆ ಚಾಲೂ ಮಾಡುವಾಗ ವಾಲ್ವ್ ಪ್ಲೇಟ್ ಮುರಿಯುತ್ತದೆ. ಆಯಿಲ್ ಸೆಪರೇಟರ್ ಆದ ಮೇಲೆ ಚೆಕ್ ವಾಲ್ವ್. ಎರಡು ಕಂಡೆನ್ಸರಿಗೆ ಹೋಗುವ ದಾರಿ ಆದಷ್ಟು ಒಂದೇ ಉದ್ದ, ಒಂದೇ ಲೆಕ್ಕದ ಎಲ್ಬೋ ಇರಲಿ.

ಹಂತ 6: ಪರ್ಜ್ ಪಾಯಿಂಟ್

ಪರ್ಜ್ ಅಂದರೆ ಒಳಗೆ ಸೇರಿದ ಗಾಳಿಯನ್ನು ಹೊರಗೆ ಬಿಡುವುದು. ಐಸ್ ಪ್ಲಾಂಟಿನಲ್ಲಿ ಅಮೋನಿಯಾ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಕುದಿಯುವಾಗಲೂ ಸಕ್ಷನ್ ಪ್ರೆಶರ್ (ಕಂಪ್ರೆಸರ್ ಎಳೆದುಕೊಳ್ಳುವ ಕಡೆಯ ಒತ್ತಡ) 2.36 ಬಾರ್ ಅಬ್ಸಲ್ಯೂಟ್, ವಾತಾವರಣಕ್ಕಿಂತ ಎರಡು ಪಟ್ಟು ಮೇಲೆ. ಓಡುವಾಗ ಗಾಳಿ ಒಳಗೆ ಬರುವ ಸಾಧ್ಯತೆ ಕಮ್ಮಿ. ಗಾಳಿ ಸೇರುವುದು ಜೂನ್–ಜುಲೈಯ ರಿಪೇರಿಯಲ್ಲಿ, ಸರಿಯಾಗಿ ವ್ಯಾಕ್ಯೂಮ್ ಮಾಡದೆ ಮುಚ್ಚಿದಾಗ. ಆಗಸ್ಟಿನಲ್ಲಿ ‘ಸರ್ವಿಸ್ ಆದ ಮೇಲೆ ಪ್ರೆಶರ್ ಜಾಸ್ತಿ ಆಯ್ತು’ ಅನ್ನುವ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ನೋಡುವ ವಿಧಾನ ಸುಲಭ. ಕಂಪ್ರೆಸರ್ ನಿಲ್ಲಿಸಿ. ಕಂಡೆನ್ಸರಿನ ನೀರು ಓಡುತ್ತಲೇ ಇರಲಿ. ಒಳಗೆ ಹೋಗುವ ನೀರು, ಹೊರಗೆ ಬರುವ ನೀರು ಒಂದೇ ತಾಪಮಾನಕ್ಕೆ ಬರುವವರೆಗೆ ಕಾಯಿರಿ. ನೀರು 30 ಡಿಗ್ರಿ ಇದ್ದರೆ ಶುದ್ಧ ಅಮೋನಿಯಾದ ಪ್ರೆಶರ್ ಗೇಜಿನಲ್ಲಿ 10.7 ಬಾರ್, 155 ಪಿಎಸ್ಐ ತೋರಿಸಬೇಕು. 170 ತೋರಿಸಿದರೆ ಆ 15 ಗಾಳಿಯದ್ದು.

ಪರ್ಜ್ ವಾಲ್ವ್ ಪ್ರತಿ ಕಂಡೆನ್ಸರಿನ ಔಟ್‌ಲೆಟ್ ತುದಿಯಲ್ಲಿ, ಲೆಗ್ ಶುರುವಾಗುವ ಮೇಲಿನ ಬಿಂದುವಿನಲ್ಲಿ ಇರಬೇಕು. ಗಾಳಿ ಹರಿವಿನ ಜೊತೆ ಬಂದು ಅಲ್ಲಿ ಸೇರುತ್ತದೆ. ರಿಸೀವರಿನ ತಲೆಯಲ್ಲೂ ಒಂದಿರಲಿ. ಎಲ್ಲವನ್ನೂ ಒಂದೇ ಪರ್ಜ್ ಲೈನಿಗೆ ಸೇರಿಸಬಹುದು, ಆದರೆ ಒಂದು ಸಲಕ್ಕೆ ಒಂದೇ ವಾಲ್ವ್ ತೆರೆಯಬೇಕು. ಎರಡು ತೆರೆದರೆ ಎರಡು ಔಟ್‌ಲೆಟ್ ಆ ಸಣ್ಣ ಪೈಪಿನ ಮೂಲಕ ಸೇರಿಕೊಂಡ ಹಾಗಾಯಿತು. ಟ್ರ್ಯಾಪ್ ಮಾಡಿ ಬೇರೆ ಮಾಡಿದ್ದನ್ನು ಪರ್ಜ್ ಲೈನ್ ಮತ್ತೆ ಒಂದು ಮಾಡುತ್ತದೆ.

ಹೊರಗೆ ಬಿಡುವಾಗ ಹೋಸ್ ನೀರಿನ ಡ್ರಮ್ಮಿನಲ್ಲಿ ಮುಳುಗಿರಲಿ. ಅಮೋನಿಯಾ ನೀರಿನಲ್ಲಿ ಚಟಪಟ ಅನ್ನುತ್ತಾ ಕರಗಿಹೋಗುತ್ತದೆ, ಗುಳ್ಳೆ ಮೇಲಕ್ಕೆ ಬರುವುದಿಲ್ಲ. ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ. ಗುಳ್ಳೆ ನಿಂತು ಚಟಪಟ ಮಾತ್ರ ಉಳಿದರೆ ಮುಚ್ಚಿ. ವಾಲ್ವ್ ಮುಚ್ಚಿದ ಕೂಡಲೇ ಹೋಸ್ ನೀರಿನಿಂದ ಎತ್ತಿ, ಇಲ್ಲದಿದ್ದರೆ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಹಂತ 7: ರಿಲೀಫ್ ವಾಲ್ವ್, ಮತ್ತು ಎರಡು ವಾಲ್ವಿನ ಮಧ್ಯೆ ಸಿಕ್ಕಿಬಿದ್ದ ಲಿಕ್ವಿಡ್

ರಿಸೀವರಿಗೆ ಜೋಡಿ ರಿಲೀಫ್ ವಾಲ್ವ್ (ಪ್ರೆಶರ್ ಮಿತಿ ಮೀರಿದರೆ ತಾನೇ ತೆರೆಯುವಂಥದ್ದು), ಮಧ್ಯೆ ಮೂರು ದಾರಿಯ ಚೇಂಜ್ ಓವರ್ ವಾಲ್ವ್ ಹಾಕಿ. ಒಂದನ್ನು ಬಿಚ್ಚಿದಾಗ ಇನ್ನೊಂದು ಕಾಯುತ್ತಿರುತ್ತದೆ. ವೆಸೆಲ್ ಮತ್ತು ರಿಲೀಫ್ ನಡುವೆ ಪೂರ್ತಿ ಮುಚ್ಚಬಲ್ಲ ಸ್ಟಾಪ್ ವಾಲ್ವ್ ಇರಲೇಬಾರದು. ಹೊರಗಿನ ಪೈಪ್ ನೆಲದಿಂದ ಕನಿಷ್ಠ 4.5 ಮೀಟರ್ ಎತ್ತರದಲ್ಲಿ, ಕಿಟಕಿ ಬಾಗಿಲಿನಿಂದ 6 ಮೀಟರ್ ದೂರದಲ್ಲಿ ಬಿಡಬೇಕು. ನಮ್ಮಲ್ಲಿ ಇದರ ಜೊತೆ ಎರಡು ವಿಷಯ ನೋಡಬೇಕು. ಹಗಲಲ್ಲಿ ಗಾಳಿ ಕಡಲಿನಿಂದ ಬೀಸುತ್ತದೆ, ಪೂರ್ವಕ್ಕೆ ಮನೆಗಳಿವೆಯಾ ನೋಡಿ. ಇನ್ನೊಂದು ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಜಾಸ್ತಿ ಸುರಿಯುವ ಊರಲ್ಲಿ ಬಾಯಿ ಮೇಲಕ್ಕೆ ತೆರೆದ ಪೈಪ್ ಒಂದೇ ವಾರದಲ್ಲಿ ನೀರು ತುಂಬಿಕೊಂಡು ರಿಲೀಫ್ ವಾಲ್ವಿನ ಸ್ಪ್ರಿಂಗ್ ತುಕ್ಕು ಹಿಡಿಸುತ್ತದೆ. ಬುಡದಲ್ಲಿ ನೀರು ಸೇರುವ ಪಾಕೆಟ್, ಅದಕ್ಕೊಂದು ಡ್ರೈನ್ ಇರಲೇಬೇಕು.

ಲಿಕ್ವಿಡ್ ತುಂಬಿದ ಪೈಪನ್ನು ಎರಡೂ ಕಡೆ ವಾಲ್ವ್ ಮುಚ್ಚಿ ಬಿಡಬೇಡಿ. ಬಿಸಿಯಾದರೆ ಲಿಕ್ವಿಡ್ ಹಿಗ್ಗುತ್ತದೆ, ಹೋಗಲು ಜಾಗ ಇಲ್ಲ, ಪೈಪೇ ಒಡೆಯುತ್ತದೆ. ಅಂಥ ಕಡೆ ರಿಸೀವರಿಗೆ ಬಿಡುವ ಸಣ್ಣ ಹೈಡ್ರೋಸ್ಟ್ಯಾಟಿಕ್ ರಿಲೀಫ್ ಹಾಕಿ. ಕಂಡೆನ್ಸರ್ ಬೇರೆ ಮಾಡಬೇಕಾದರೆ ಮೊದಲು ಇನ್‌ಲೆಟ್ ಮುಚ್ಚಿ, ಲಿಕ್ವಿಡ್ ಇಳಿಯಲು ಬಿಟ್ಟು, ಆಮೇಲೆ ಔಟ್‌ಲೆಟ್ ಮುಚ್ಚಿ.

ಹಂತ 8: ಕತ್ತರಿಸುವುದು, ವೆಲ್ಡಿಂಗ್, ಟೆಸ್ಟ್

ಕತ್ತರಿಸುವ ಮೊದಲು ಆ ಭಾಗ ಪಂಪ್ ಡೌನ್ ಮಾಡಿ (ಒಳಗಿನ ಅಮೋನಿಯಾವನ್ನು ಕಂಪ್ರೆಸರಿನಿಂದ ಎಳೆದು ಖಾಲಿ ಮಾಡಿ), ಉಳಿದ ಅಮೋನಿಯಾ ನೀರಿಗೆ ಬಿಟ್ಟು, ನೈಟ್ರೋಜನ್ ಹಾಯಿಸಿ. ಅಮೋನಿಯಾ ಉರಿಯುವುದಿಲ್ಲ ಅನ್ನುವುದು ತಪ್ಪು. ಗಾಳಿಯಲ್ಲಿ 15ರಿಂದ 28 ಶೇಕಡಾ ಇದ್ದರೆ ಹೊತ್ತಿಕೊಳ್ಳುತ್ತದೆ, ಪೈಪಿನ ಒಳಗಿನ ಆಯಿಲ್ ಬೇರೆ ಇದೆ. 5 ಪಿಪಿಎಂ ಆಸುಪಾಸಿನಲ್ಲೇ ಮೂಗಿಗೆ ಗೊತ್ತಾಗುತ್ತದೆ, 300 ಪಿಪಿಎಂ ಜೀವಕ್ಕೆ ಅಪಾಯದ ಮಟ್ಟ. ಅಲ್ಲಿಗೆ ಹೋಗಬೇಕಾದರೆ ಗಾಳಿ ಸಿಲಿಂಡರ್ ಇರುವ ಬ್ರೀದಿಂಗ್ ಸೆಟ್ ಬೇಕು, ಡಬ್ಬಿ ಮಾಸ್ಕ್ ಸಾಲದು. ಒದ್ದೆ ಬಟ್ಟೆ ಮುಖಕ್ಕೆ ಕಟ್ಟಿಕೊಂಡು ಒಳಗೆ ನುಗ್ಗುವ ಧೈರ್ಯವಂತರನ್ನು ಗೇಟಿನಲ್ಲೇ ತಡೆಯಿರಿ.

ವೆಲ್ಡಿಂಗ್ ರೂಟ್ ಪಾಸ್ ಟಿಗ್, ಮೇಲೆ ಆರ್ಕ್. ಟೆಸ್ಟ್ ಒಣ ನೈಟ್ರೋಜನ್ನಿನಲ್ಲಿ, ಡಿಸೈನ್ ಪ್ರೆಶರಿನ 1.1 ಪಟ್ಟು. ಆಕ್ಸಿಜನ್ ಯಾವತ್ತೂ ಬೇಡ, ಆಯಿಲ್ ಜೊತೆ ಸಿಡಿಯುತ್ತದೆ. ಪ್ಲಾಂಟಿನ ಕಂಪ್ರೆಸರಿನಿಂದಲೇ ಗಾಳಿ ಒತ್ತಿ ಟೆಸ್ಟ್ ಮಾಡುವ ಹಳೆ ಚಾಳಿಯೂ ಬೇಡ. ಮೊದಲು 1.5–2 ಬಾರಿಗೆ ಏರಿಸಿ ಸೋಪ್ ನೊರೆ ಹಚ್ಚಿ ನೋಡಿ, ಆಮೇಲೆ ಹಂತ ಹಂತವಾಗಿ ಮೇಲೆ.

ರಾತ್ರಿ ಇಡೀ ನಿಲ್ಲಿಸಿದ ಟೆಸ್ಟಿನಲ್ಲಿ ಬೆಳಿಗ್ಗೆ ಗೇಜ್ ಇಳಿದಿದ್ದರೆ ಗಾಬರಿ ಬೇಡ, ತಾಪಮಾನ ಬರೆದಿಟ್ಟಿದ್ದೀರಾ ನೋಡಿ. 22 ಬಾರಿನಲ್ಲಿ 33 ಡಿಗ್ರಿ ಇದ್ದದ್ದು 25ಕ್ಕೆ ಇಳಿದರೆ ಲೀಕ್ ಇಲ್ಲದೆಯೇ 0.6 ಬಾರ್ ಇಳಿಯುತ್ತದೆ. ಟೆಸ್ಟ್ ಆದ ಮೇಲೆ ಚೆನ್ನಾಗಿ ವ್ಯಾಕ್ಯೂಮ್ ಮಾಡಿ. ನಮ್ಮ ಮಳೆಗಾಲದ ತೇವಾಂಶದಲ್ಲಿ ಪೈಪ್ ತೆರೆದಿಟ್ಟರೆ ಒಳಗೆ ನೀರೇ ಸೇರುತ್ತದೆ, ಸಂಜೆ ಕೆಲಸ ನಿಲ್ಲಿಸುವಾಗ ಬಾಯಿಗಳಿಗೆ ಕ್ಯಾಪ್ ಹಾಕಿ ಹೋಗಿ.

ಹೊರಗೆ ಎಪಾಕ್ಸಿ ಜಿಂಕ್ ಪ್ರೈಮರ್, ಮೇಲೆ ಎರಡು ಕೋಟ್. ಉಪ್ಪು ಗಾಳಿಗೆ ಪೈಪ್ ಮೊದಲು ತಿನ್ನಿಸಿಕೊಳ್ಳುವುದು ಯು ಬೋಲ್ಟಿನ ಅಡಿಯಲ್ಲಿ, ಕಣ್ಣಿಗೆ ಕಾಣದ ಕಡೆ. ಮಧ್ಯೆ ಪ್ಲಾಸ್ಟಿಕ್ ಪ್ಯಾಡ್ ಇಡಿ, ವರ್ಷಕ್ಕೊಮ್ಮೆ ಸಡಿಲಿಸಿ ನೋಡಿ.

ಹಂತ 9: ಚಾಲೂ ಮಾಡಿ ಪರೀಕ್ಷಿಸುವುದು

ಎರಡೂ ಕಂಡೆನ್ಸರ್ ಓಡಿಸಿ, ಪ್ಲಾಂಟ್ ಒಂದು ಹದಕ್ಕೆ ಬರಲಿ. ಡಿಸ್ಚಾರ್ಜ್ ಗೇಜ್ ನೋಡಿ ಅದರ ಸ್ಯಾಚುರೇಶನ್ ತಾಪಮಾನ (ಆ ಪ್ರೆಶರಿನಲ್ಲಿ ಗ್ಯಾಸ್ ಲಿಕ್ವಿಡ್ ಆಗುವ ತಾಪಮಾನ) ಬರೆದುಕೊಳ್ಳಿ. 12.5 ಬಾರ್ ಅಂದರೆ 35 ಡಿಗ್ರಿ, 14.5 ಅಂದರೆ 40. ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಪ್ರತಿ ಲೆಗ್ಗಿನ ಮೇಲ್ಭಾಗ ಅಳೆಯಿರಿ. ಪೈಪಿಗೆ ಪೇಂಟ್ ಇರುವ ಕಡೆಯೇ ಅಳೆಯಿರಿ, ಹೊಳೆಯುವ ಲೋಹದ ಮೇಲೆ ಆ ಮೀಟರ್ ತಪ್ಪು ತೋರಿಸುತ್ತದೆ. ಲಿಕ್ವಿಡ್ ಸ್ಯಾಚುರೇಶನ್ನಿಗೆ ಹತ್ತಿರ ಇದ್ದರೆ ಕಾಯಿಲ್ ಖಾಲಿಯಾಗಿ ಇಳಿಯುತ್ತಿದೆ. ಒಂದು ಲೆಗ್ ಮಾತ್ರ ನಾಲ್ಕೈದು ಡಿಗ್ರಿ ತಂಪಾಗಿದ್ದರೆ, ಆ ಕಾಯಿಲಿನಲ್ಲಿ ಲಿಕ್ವಿಡ್ ನಿಂತು ಸ್ಪ್ರೇ ನೀರಿನ ತಂಪಿಗೆ ಇಳಿಯುತ್ತಿದೆ ಅಂತ ಅರ್ಥ. ಕೆಲವರು ಇದನ್ನು ನೋಡಿ ‘ಒಳ್ಳೆ ಸಬ್‌ಕೂಲಿಂಗ್ ಸಿಗ್ತಾ ಉಂಟು’ ಅಂತ ಖುಷಿಪಡುತ್ತಾರೆ.

ಆಮೇಲೆ ಲೋಡ್ ಕಮ್ಮಿ ಇರುವ ಹೊತ್ತಲ್ಲಿ, ಒಂದು ಕಂಪ್ರೆಸರ್ ಮಾತ್ರ ಓಡುವಾಗ, ಒಂದು ಕಂಡೆನ್ಸರಿನ ಫ್ಯಾನ್ ಮತ್ತು ಪಂಪ್ ನಿಲ್ಲಿಸಿ. ವಾಲ್ವ್ ಮುಟ್ಟಬೇಡಿ. ಅರ್ಧ ಗಂಟೆ ರಿಸೀವರ್ ಲೆವೆಲ್ ನೋಡುತ್ತಾ ಇರಿ. ಪ್ರೆಶರ್ ಸ್ವಲ್ಪ ಏರಿ ಒಂದು ಕಡೆ ನಿಲ್ಲುವುದು ಸಹಜ, ಕಂಡೆನ್ಸರ್ ಅರ್ಧ ಆಯಿತಲ್ಲ. ಆದರೆ ರಿಸೀವರ್ ಲೆವೆಲ್ ಇಳಿಯುತ್ತಲೇ ಹೋಗಬಾರದು. ಇಳಿದರೆ ಎಲ್ಲೋ ಟ್ರ್ಯಾಪಿಗಿಂತ ಮೊದಲೇ ಎರಡು ಲೆಗ್ ಸೇರಿವೆ, ಅಥವಾ ಎತ್ತರ ಸಾಲುತ್ತಿಲ್ಲ, ಅಥವಾ ಎರಡು ಪರ್ಜ್ ವಾಲ್ವ್ ತೆರೆದಿವೆ, ಇಲ್ಲವೇ ಇಕ್ವಲೈಸರ್ ತಪ್ಪು ಕಡೆ ಸೇರಿದೆ. ಪರ್ಜ್ ವಾಲ್ವಿನಿಂದ ಶುರು ಮಾಡಿ, ಅದಕ್ಕೆ ಖರ್ಚಿಲ್ಲ. ಅದೇ ಪರೀಕ್ಷೆ ಇನ್ನೊಂದು ಕಂಡೆನ್ಸರ್ ನಿಲ್ಲಿಸಿ ಮತ್ತೆ ಮಾಡಿ. ಎರಡೂ ಸಲದ ಲೆವೆಲ್, ಪ್ರೆಶರ್, ಲೆಗ್ ತಾಪಮಾನಗಳನ್ನು ಲಾಗ್ ಬುಕ್ಕಿನಲ್ಲಿ ಬರೆದಿಡಿ. ಅಮೋನಿಯಾ ಇನ್ನೊಂದು ಸಿಲಿಂಡರ್ ಹಾಕಿಸುವುದೋ ಬೇಡವೋ ಅಂತ ತೀರ್ಮಾನಿಸುವುದು ಈ ಎರಡು ಪರೀಕ್ಷೆ ಪಾಸಾದ ಮೇಲೆ.